59 ಮತ್ತು 43: ವಾಯುಯುದ್ಧದ ಲೆಕ್ಕವನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. 1965ರ ಭಾರತ–ಪಾಕಿಸ್ತಾನ ಯುದ್ಧದ ಬಗ್ಗೆ ನಡೆದ ಚರ್ಚಾಸ್ಪರ್ಧೆಯಲ್ಲಿ ಒಬ್ಬ ವಿದ್ಯಾರ್ಥಿ, ‘ಭಾರತ 59 ವಿಮಾನ ಕಳೆದುಕೊಂಡಿತು, ಪಾಕಿಸ್ತಾನ ಬರೀ 43. ಆಕಾಶದಲ್ಲಿ ಗೆದ್ದವರು ಅವರೇ’ ಎಂದ. ಎದುರು ತಂಡದ ವಿದ್ಯಾರ್ಥಿನಿ ನಮ್ಮ ರಕ್ಷಣಾ ಸಚಿವಾಲಯದ ಅಧಿಕೃತ ಇತಿಹಾಸದಿಂದಲೇ ಬೇರೆ ಅಂಕಿ ತೆಗೆದಳು: ನಮ್ಮ ವಿಮಾನಗಳು 3,937 ಬಾರಿ ಹಾರಿದವು, ಅವರದು 2,364 ಬಾರಿ; ಹಾರಾಟದ ಲೆಕ್ಕಕ್ಕೆ ನಮ್ಮ ನಷ್ಟ ಶೇ 1.5, ಅವರದು ಶೇ 1.82, ಆದ್ದರಿಂದ ಹೆಚ್ಚು ದುಡಿದವರೂ ಹೆಚ್ಚು ದಕ್ಷರೂ ನಾವೇ. ಮೂರನೆಯವನು ಪಾಕಿಸ್ತಾನದ ಲೆಕ್ಕ ತಂದ: ಭಾರತದ ನಷ್ಟ 104, ಪಾಕಿಸ್ತಾನದ್ದು 19. ತೀರ್ಪು ಕೊಡಬೇಕಾಗಿದ್ದ ನನಗೆ ಮಾತೇ ಹೊರಡಲಿಲ್ಲ; ಮುಂದಿನ ವಾರ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಯಾರ ಲೆಕ್ಕ ಸರಿ? ಒಂದು ವಾಯುಪಡೆ ಯುದ್ಧದಲ್ಲಿ ಎಷ್ಟು ದುಡಿಯಿತು, ಎಷ್ಟು ದಕ್ಷವಾಗಿತ್ತು ಎಂದು ಹೇಳಬಲ್ಲ ಒಂದೇ ಸಂಖ್ಯೆ ಇದೆಯೇ?

ಉತ್ತರ: ಮೂವರೂ ತಂದದ್ದು ಪ್ರಕಟವಾಗಿರುವ ಅಂಕಿಗಳೇ. ಯಾರೂ ಕಟ್ಟುಕತೆ ಹೇಳಿಲ್ಲ. ತೊಡಕಿರುವುದು ಆ ಅಂಕಿಗಳಿಂದ ಅವರು ಹೊರಡಿಸಿದ ‘ಆದ್ದರಿಂದ’ದಲ್ಲಿ. ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಗಂಟು ಬಿದ್ದಿವೆ: ಯಾರ ಎಣಿಕೆಯನ್ನು ನಂಬಬೇಕು, ಆ ಎಣಿಕೆಯನ್ನು ಯಾವುದರಿಂದ ಭಾಗಿಸಬೇಕು, ಭಾಗಿಸಿ ಬಂದದ್ದು ದಕ್ಷತೆಯನ್ನೇ ತೋರಿಸುತ್ತದೆಯೇ. ಒಂದೇ ಸಂಖ್ಯೆ ಇದೆಯೇ ಎಂಬುದಕ್ಕೆ ಉತ್ತರ ಇಲ್ಲ ಎಂದು. ಆದರೆ ‘ಇಲ್ಲ’ ಎಂದು ನಿಲ್ಲಿಸಿದರೆ ನಿಮ್ಮ ತೀರ್ಪಿಗೆ ಏನೂ ಸಿಗುವುದಿಲ್ಲ, ಹಾಗಾಗಿ ಗಂಟನ್ನು ಒಂದೊಂದಾಗಿ ಬಿಚ್ಚೋಣ.

ಮೊದಲು ನಂಬಿಕೆಯ ಮಾತು. ‘ನಾವು ಹೊಡೆದುರುಳಿಸಿದ್ದು’ ಎಂಬ ಎಣಿಕೆಗೂ ‘ನಾವು ಕಳೆದುಕೊಂಡದ್ದು’ ಎಂಬ ಎಣಿಕೆಗೂ ಆಧಾರವೇ ಬೇರೆ. 1940ರ ಸೆಪ್ಟೆಂಬರ್ 15ರಂದು ಬ್ರಿಟನ್ನಿನ ಆಕಾಶದಲ್ಲಿ 185 ಜರ್ಮನ್ ವಿಮಾನಗಳನ್ನು ಉರುಳಿಸಿದೆವು ಎಂದು ಬ್ರಿಟಿಷರು ಘೋಷಿಸಿದರು. ಯುದ್ಧ ಮುಗಿದ ಮೇಲೆ ಜರ್ಮನ್ ಕಡತಗಳನ್ನು ತೆರೆದು ನೋಡಿದಾಗ ಸಿಕ್ಕಿದ್ದು ಅರವತ್ತರ ಆಸುಪಾಸು. ಪೈಲಟ್‌ಗಳು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಒಂದೇ ವಿಮಾನಕ್ಕೆ ಇಬ್ಬರು, ಮೂವರು ಗುಂಡು ಹಾರಿಸಿರುತ್ತಾರೆ. ಪ್ರತಿಯೊಬ್ಬನೂ ಅದು ಹೊಗೆ ಉಗುಳುತ್ತ ಮೋಡದೊಳಗೆ ಧುಮುಕಿದ್ದನ್ನು ಕಂಡಿರುತ್ತಾನೆ. ಎಂಜಿನ್ನಿನ ಪೂರ್ತಿ ಬಲ ಬಳಸಿ ತಪ್ಪಿಸಿಕೊಂಡು ಓಡುವ ವಿಮಾನವೂ ಹೊಗೆ ಬಿಡುತ್ತದೆ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ, ತನ್ನ ಬೆನ್ನ ಹಿಂದೆ ಯಾರಿದ್ದಾರೋ ಎಂದು ಕತ್ತು ತಿರುಗಿಸುತ್ತಿರುವವನು ಅದು ನೆಲಕ್ಕೆ ಬೀಳುವವರೆಗೆ ನೋಡುತ್ತ ಕೂರುವುದಿಲ್ಲ.

ನೆಲದ ಮೇಲಿನ ಗುರಿಗಳ ಲೆಕ್ಕ ಇದಕ್ಕಿಂತ ಹದಗೆಟ್ಟದ್ದು. 1999ರಲ್ಲಿ ನ್ಯಾಟೋ ಪಡೆಗಳು ಕೊಸೊವೊ ಪ್ರಶ್ನೆಗಾಗಿ ಯುಗೊಸ್ಲಾವಿಯದ ಮೇಲೆ 78 ದಿನ ದಾಳಿ ನಡೆಸಿದವು. ಮುಗಿದ ಕೂಡಲೇ ಸುಮಾರು 120 ಟ್ಯಾಂಕ್ ನಾಶವಾದವೆಂದು ಹೇಳಲಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯಾಟೋ ಪರಿಷ್ಕರಿಸಿ ಕೊಟ್ಟ ಸಂಖ್ಯೆ 93. ಸ್ಥಳಕ್ಕೆ ಹೋಗಿ ಹುಡುಕಿದ ತಂಡಕ್ಕೆ ಸಿಕ್ಕ ಟ್ಯಾಂಕ್ ಅವಶೇಷಗಳು ಇನ್ನೂ ಕಡಿಮೆ. ಮರ, ಬಟ್ಟೆಗಳಲ್ಲಿ ಮಾಡಿ ನಿಲ್ಲಿಸಿದ್ದ ನಕಲಿ ಟ್ಯಾಂಕ್‌ಗಳಿಗೂ ದುಬಾರಿ ಬಾಂಬ್‌ಗಳು ಬಿದ್ದಿದ್ದವು. ಅದಕ್ಕೂ ಹಿಂದೆ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಲಾವೋಸ್‌ನ ಕಾಡುದಾರಿಗಳಲ್ಲಿ ಅಮೆರಿಕದವರು ಒಂದೇ ಋತುವಿನಲ್ಲಿ ‘ಹೊಡೆದ’ ಟ್ರಕ್‌ಗಳ ಸಂಖ್ಯೆ, ಉತ್ತರ ವಿಯೆಟ್ನಾಮಿನ ಬಳಿ ಒಟ್ಟು ಇರಬಹುದಾದ ಟ್ರಕ್‌ಗಳ ಬಗ್ಗೆ ಅವರದೇ ಗುಪ್ತಚರರು ಮಾಡಿದ್ದ ಅಂದಾಜನ್ನು ಮೀರಿಸಿತು. ಟ್ರಕ್‌ಗಳು ಮಾತ್ರ ಮರುದಿನವೂ ಓಡುತ್ತಲೇ ಇದ್ದವು.

ಆದ್ದರಿಂದ ಯುದ್ಧದ ಅಂಕಿಗಳನ್ನು ವಿಶ್ಲೇಷಿಸುವ ನಾವು ಪಾಲಿಸುವ ನಿಯಮ ಸರಳ. ನಷ್ಟದ ವಿಷಯದಲ್ಲಿ ಕಳೆದುಕೊಂಡವನ ಒಳಗಿನ ಕಡತವನ್ನು ನಂಬು, ಹೊಡೆದವನ ಹೇಳಿಕೆಯನ್ನಲ್ಲ. ಪ್ರತಿ ವಿಮಾನಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಅದು ಇಲ್ಲವಾದರೆ ಉಗ್ರಾಣದವನು ಲೆಕ್ಕ ಕೊಡಬೇಕು, ಸತ್ತ ಪೈಲಟ್‌ನ ಮನೆಗೆ ಪಿಂಚಣಿ ಹೋಗಬೇಕು. ಇಷ್ಟೆಲ್ಲ ಕಾಗದಗಳನ್ನು ಸರ್ಕಾರಗಳು ಜನರಿಂದ ಮುಚ್ಚಿಡಬಹುದು, ತಮ್ಮಿಂದ ತಾವೇ ಮುಚ್ಚಿಡುವುದು ಕಷ್ಟ. ಈ ಒರೆಗೆ ಹಚ್ಚಿದರೆ ನಿಮ್ಮ ವಿದ್ಯಾರ್ಥಿಗಳ ಅಂಕಿಗಳ ತೂಕ ತಿಳಿಯುತ್ತದೆ. 104 ಎನ್ನುವುದು ಹೊಡೆದವರ ಹೇಳಿಕೆ. 19 ಎನ್ನುವುದು ಒಂದು ಸರ್ಕಾರ ತನ್ನ ನಷ್ಟದ ಬಗ್ಗೆ ಹೊರಗೆ ಹೇಳಿದ ಮಾತು. 43 ಎನ್ನುವುದು ಎದುರಾಳಿಯ ನಷ್ಟದ ಬಗ್ಗೆ ನಮ್ಮ ಲೆಕ್ಕ. 59 ಮಾತ್ರ ನಮ್ಮ ನಷ್ಟವನ್ನು ನಾವೇ ಒಪ್ಪಿ ಬರೆದದ್ದು. ನಾಲ್ಕರಲ್ಲಿ ಗಟ್ಟಿಯಾದದ್ದು ಅದೇ, ಅದು ನಮಗೆ ಹಿತವೆನಿಸದಿದ್ದರೂ. ಯುದ್ಧದ ಅವಧಿಯಲ್ಲಾದ ಅಪಘಾತಗಳನ್ನು ಸೇರಿಸುವುದೋ ಬಿಡುವುದೋ ಎಂಬುದರ ಮೇಲೆ ಅದೂ ಒಂದಿಷ್ಟು ಏರಿಳಿಯುತ್ತದೆ ಎಂಬುದನ್ನು ಮರೆಯಬೇಡಿ. ಇದರರ್ಥ, 59ಕ್ಕೆ ಎದುರಾಗಿ 43 ಎಂದು ಹೋಲಿಸುವಾಗ ನಾವು ತಕ್ಕಡಿಯ ಒಂದು ತಟ್ಟೆಯಲ್ಲಿ ಕಡತವನ್ನೂ ಇನ್ನೊಂದರಲ್ಲಿ ಅಂದಾಜನ್ನೂ ಇಟ್ಟಿರುತ್ತೇವೆ.

ಈಗ ವಿದ್ಯಾರ್ಥಿನಿ ತಂದ ಹಾರಾಟದ ಲೆಕ್ಕ. ಒಂದು ವಿಮಾನ ಒಮ್ಮೆ ಮೇಲೇರಿ, ಒಪ್ಪಿಸಿದ ಕೆಲಸಕ್ಕೆ ಹೋಗಿ, ಇಳಿದರೆ ಅದು ಒಂದು ಸಾರ್ಟಿ. ವಾಯುಪಡೆ ಎಷ್ಟು ಮೈಮುರಿದು ದುಡಿಯಿತು ಎಂಬುದಕ್ಕೆ ಇದಕ್ಕಿಂತ ಸುಲಭದ ಅಳತೆ ಇಲ್ಲ, ಹಾಗಾಗಿ ಎಲ್ಲರೂ ಇದನ್ನೇ ಹಿಡಿಯುತ್ತಾರೆ. 1965ರಲ್ಲಿ ಸೆಪ್ಟೆಂಬರ್ 1ರಿಂದ ಕದನವಿರಾಮದವರೆಗೆ ಮೂರು ವಾರದ ಚಿಲ್ಲರೆ ದಿನಗಳಿಗೆ ಹಂಚಿದರೆ ನಮ್ಮದು ದಿನಕ್ಕೆ 170ರಿಂದ 180 ಸಾರ್ಟಿ, ಅವರದು 100ರಿಂದ 110. ಆದರೆ ತನ್ನದೇ ವಾಯುನೆಲೆಯ ಮೇಲೆ ಅರ್ಧ ಗಂಟೆ ಸುತ್ತು ಹೊಡೆದು ಇಳಿದ ಕಾವಲಿನ ಹಾರಾಟವೂ ಒಂದು ಸಾರ್ಟಿ, ರಾತ್ರಿಯಲ್ಲಿ ಪೆಶಾವರದವರೆಗೆ ಹೋಗಿ ಬಾಂಬ್ ಹಾಕಿ ಬಂದ ಕ್ಯಾನ್‌ಬೆರಾ ಬಾಂಬರ್‌ನ ಹಾರಾಟವೂ ಒಂದು ಸಾರ್ಟಿ. ಎರಡನ್ನೂ ಕೂಡಿ ‘ಎರಡು’ ಎಂದರೆ ಗಣಿತ ತಪ್ಪಲ್ಲ, ತಿಳಿವಳಿಕೆ ಮಾತ್ರ ಸೊನ್ನೆ. ಕೊಸೊವೊ ಕಾರ್ಯಾಚರಣೆಯಲ್ಲಿ ನ್ಯಾಟೋ ಹಾರಿಸಿದ್ದು ಸುಮಾರು 38,000 ಸಾರ್ಟಿ. ಅದರಲ್ಲಿ ದಾಳಿಯ ಸಾರ್ಟಿಗಳು ಹತ್ತು ಸಾವಿರದ ಚಿಲ್ಲರೆ. ಉಳಿದದ್ದು ಇಂಧನ ತುಂಬುವುದು, ಬೆಂಗಾವಲು, ಕಣ್ಗಾವಲು, ರೇಡಾರ್ ಕೆಡಿಸುವುದು. ದಾಳಿಯ ವಿಮಾನ ಬದುಕಿ ಬರುವುದು ಈ ‘ಉಳಿದದ್ದ’ರಿಂದಲೇ, ಆದ್ದರಿಂದ ಅದು ವ್ಯರ್ಥವಲ್ಲ. ಯಾವುದು ಎಷ್ಟು ಎಂಬ ವಿಂಗಡಣೆ ಇಲ್ಲದೆ ಒಟ್ಟು ಸಾರ್ಟಿಯನ್ನು ಯಾರಾದರೂ ಹೇಳಿದರೆ ಮಾತ್ರ ನನಗೆ ಅದು ಪತ್ರಿಕಾಗೋಷ್ಠಿಗೆಂದು ಮಾಡಿದ ಸಂಖ್ಯೆ ಅನಿಸುತ್ತದೆ.

ಇನ್ನೊಂದು ಅಪಾಯವಿದೆ. ಮೇಲಿನವರು ಯಾವ ಅಂಕಿಯನ್ನು ಕೇಳುತ್ತಾರೋ ಕೆಳಗಿನವರು ಆ ಅಂಕಿಯನ್ನು ಬೆಳೆಸಿಕೊಡುತ್ತಾರೆ. 1966ರಲ್ಲಿ ವಿಯೆಟ್ನಾಂನಲ್ಲಿ ಅಮೆರಿಕದವರಿಗೆ ಬಾಂಬ್‌ಗಳ ಕೊರತೆ ಬಂತು. ವಾಯುಪಡೆಗೂ ನೌಕಾಪಡೆಗೂ ನಡುವೆ ಸಾರ್ಟಿಗಳ ಪೈಪೋಟಿ ನಡೆಯುತ್ತಿದ್ದುದರಿಂದ, ಹೊರಬಲ್ಲ ಹೊರೆಯ ಒಂದು ಪಾಲನ್ನಷ್ಟೇ ಹೊತ್ತ ವಿಮಾನಗಳು ಹಾರುತ್ತಲೇ ಹೋದವು. ಒಬ್ಬನೇ ಹೋಗಿ ಮಾಡಬಹುದಾದ ಕೆಲಸಕ್ಕೆ ಹಲವರು ಪ್ರಾಣ ಒಡ್ಡಿದರು, ಪಟ್ಟಿಯಲ್ಲಿ ಮಾತ್ರ ಎಲ್ಲವೂ ಚೆನ್ನಾಗಿತ್ತು. ಬೆಂಕಿ ನಂದಿಸುವವರನ್ನು ಅವರು ಚೆಲ್ಲಿದ ನೀರಿನ ಲೀಟರ್‌ಗಳಿಂದ ಅಳೆದರೆ ಊರೆಲ್ಲ ಒದ್ದೆಯಾಗುತ್ತದೆ, ಮನೆ ಉರಿಯುತ್ತಲೇ ಇರುತ್ತದೆ.

ದುಡಿಮೆಯನ್ನು ಅಳೆಯುವಾಗ ಇರುವ ಬಲಕ್ಕೆ ಹೋಲಿಸಬೇಕು ಎಂಬುದೂ ಇದೆ. 1965ರಲ್ಲಿ ಭಾರತದ ಬಳಿ ಪಾಕಿಸ್ತಾನಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಯುದ್ಧವಿಮಾನಗಳಿದ್ದವು. ಸಾರ್ಟಿಗಳು ಮಾತ್ರ ಎರಡು ಪಟ್ಟಿಗಿಂತ ಕಡಿಮೆ. ಅಂದರೆ ಒಂದೊಂದು ವಿಮಾನವನ್ನು ಹೆಚ್ಚು ದುಡಿಸಿದವರು ಅವರು. ನಿಮ್ಮ ವಿದ್ಯಾರ್ಥಿನಿಯ ವಾದಕ್ಕೆ ಇದು ಸ್ವಲ್ಪ ಪೆಟ್ಟು. ಇಲ್ಲೂ ಅವಸರ ಬೇಡ: ನಮ್ಮ ಬಲದ ಒಂದು ಪಾಲು ಪೂರ್ವದಲ್ಲಿ, ಚೀನಾದತ್ತ ಮುಖ ಮಾಡಿ ನಿಂತಿತ್ತು. ಹಾರದೆ ನಿಂತ ಆ ವಿಮಾನವೂ ಒಂದು ಕೆಲಸ ಮಾಡುತ್ತಿತ್ತು. ಅದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ದುಡಿಮೆಯ ವಿಷಯ ಬಂದಾಗ ನಾನು ಪ್ರತಿ ಬಾರಿಯೂ ಹೇಳುವ ಒಂದು ಕಥೆಯಿದೆ. ನನ್ನ ವೃತ್ತಿಯವರಿಗೆ ಇದು ಮೂಲಪಾಠ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳನ್ನು ಬೇಟೆಯಾಡುತ್ತಿದ್ದ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡ್ ಎಂಬ ವಿಭಾಗದಲ್ಲಿ ಒಂದು ನಿಯಮವಿತ್ತು. ಪ್ರತಿ ಸ್ಕ್ವಾಡ್ರನ್‌ನಲ್ಲಿ, ಅಂದರೆ ವಿಮಾನಗಳ ತುಕಡಿಯಲ್ಲಿ, ಯಾವಾಗ ನೋಡಿದರೂ ಶೇ 70–75ರಷ್ಟು ವಿಮಾನಗಳು ಹಾರಲು ಸಿದ್ಧವಾಗಿರಬೇಕು. ಕೇಳಲು ಎಷ್ಟು ಶಿಸ್ತಿನ ಮಾತು! ಅಲ್ಲಿ ಕೆಲಸಕ್ಕೆ ಸೇರಿದ್ದ ಸೆಸಿಲ್ ಗಾರ್ಡನ್ ಎಂಬ ವಿಜ್ಞಾನಿ, ವೃತ್ತಿಯಿಂದ ತಳಿವಿಜ್ಞಾನಿ, ಈ ನಿಯಮವನ್ನೇ ಪ್ರಶ್ನಿಸಿದ. ವಿಮಾನ ಹಾರಿದರೆ ಕೆಡುತ್ತದೆ, ಹಾರದೆ ನಿಂತರೆ ಸಿದ್ಧವಾಗಿರುತ್ತದೆ. ಹಾಗಾದರೆ ಒಂದೂ ಹಾರಾಟ ನಡೆಸದ ಸ್ಕ್ವಾಡ್ರನ್ ಶೇ 100 ಅಂಕ ಪಡೆಯುತ್ತದೆ. ದುರಸ್ತಿಗೆ ಇರುವ ಕೈಗಳು ಇಷ್ಟೇ ಎಂದಾದರೆ, ಆ ಕೈಗಳು ಒಂದು ಗಂಟೆಯೂ ಬಿಡುವಾಗಿ ಕೂರದಂತೆ ನೋಡಿಕೊಳ್ಳಬೇಕು. ಅದಕ್ಕೆ ಷೆಡ್ಡಿನಲ್ಲಿ ಯಾವಾಗಲೂ ಕೆಟ್ಟ ವಿಮಾನಗಳ ಸಾಲು ಇರಲೇಬೇಕು. 1942ರಲ್ಲಿ 502ನೇ ಸ್ಕ್ವಾಡ್ರನ್‌ನ ವಿಟ್ಲಿ ವಿಮಾನಗಳ ಮೇಲೆ ಇದನ್ನು ಪ್ರಯೋಗಿಸಿದರು. ‘ಸಿದ್ಧ’ ವಿಮಾನಗಳ ಶೇಕಡಾವಾರು ಇಳಿಯಿತು. ಅಷ್ಟೇ ವಿಮಾನ, ಅಷ್ಟೇ ಸಿಬ್ಬಂದಿಯಿಂದ ಸಿಕ್ಕ ಹಾರಾಟದ ಗಂಟೆಗಳು ಗಣನೀಯವಾಗಿ ಏರಿದವು. ಹಳೆಯ ಅಳತೆಯ ಪ್ರಕಾರ ಆ ಸ್ಕ್ವಾಡ್ರನ್ ಕೆಟ್ಟಿತ್ತು, ಸಮುದ್ರದ ಮೇಲಿನ ಕಾವಲಿನ ದೃಷ್ಟಿಯಿಂದ ಸುಧಾರಿಸಿತ್ತು. ಇವತ್ತಿಗೂ ಯಾವುದೋ ವಾಯುಪಡೆಯ ಶೇಕಡಾ ಇಷ್ಟು ವಿಮಾನಗಳು ಮಾತ್ರ ಹಾರಲು ಸಿದ್ಧವಾಗಿವೆ ಎಂಬ ತಲೆಬರಹ ಕಂಡರೆ ನನ್ನ ಮೊದಲ ಪ್ರಶ್ನೆ, ತಿಂಗಳಿಗೆ ಎಷ್ಟು ಗಂಟೆ ಹಾರಿಸುತ್ತಿದ್ದಾರೆ ಎಂಬುದೇ.

ಇನ್ನು ಶೇ 1.5 ಮತ್ತು ಶೇ 1.82ಕ್ಕೆ ಬರೋಣ. ನಷ್ಟವನ್ನು ಹಾರಾಟದಿಂದ ಭಾಗಿಸಬೇಕೆಂದು ಆ ಹುಡುಗಿಗೆ ಹೊಳೆದದ್ದೇ ದೊಡ್ಡದು. ಹೆಚ್ಚು ಹಾರಿದವನು ಹೆಚ್ಚು ಕಳೆದುಕೊಳ್ಳುತ್ತಾನೆ. ಬರೀ 59 ಮತ್ತು 43 ಅಕ್ಕಪಕ್ಕ ಇಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಈ ಭಾಗಾಕಾರದಲ್ಲಿ ಎರಡು ದೋಷಗಳಿವೆ.

ಒಂದು, ಆ 59ರಲ್ಲಿ ದೊಡ್ಡದೊಂದು ಪಾಲು ಹಾರುತ್ತಲೇ ಇರಲಿಲ್ಲ. ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್‌ನಲ್ಲಿ, ಮರುದಿನ ಬಂಗಾಳದ ಕಲೈಕುಂಡದಲ್ಲಿ, ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳು ಬಂದಾಗ ನಮ್ಮ ವಿಮಾನಗಳು ನೆಲದ ಮೇಲೆ ನಿಂತಿದ್ದವು. ನಿಂತಲ್ಲೇ ಸುಟ್ಟ ವಿಮಾನವನ್ನು ಸಾರ್ಟಿಗಳಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಆ ನಷ್ಟ ಪೈಲಟ್‌ನ ಕೌಶಲದ ಬಗ್ಗೆಯಾಗಲಿ ವಿಮಾನದ ಗುಣದ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ. ಅದು ಹೇಳುವುದು ಮುನ್ನೆಚ್ಚರಿಕೆಯ ರೇಡಾರ್, ವಿಮಾನಗಳನ್ನು ಚದುರಿಸಿ ನಿಲ್ಲಿಸುವ ಶಿಸ್ತು, ಮರೆ ಮತ್ತು ತಡೆಗೋಡೆಗಳ ಬಗ್ಗೆ. ಬೇರೆ ಕಾಲಂನಲ್ಲಿ ಬರೆದಾಗಷ್ಟೇ ಆ ಪಾಠ ಕಣ್ಣಿಗೆ ಬೀಳುತ್ತದೆ. ನಮ್ಮವರ ಕಣ್ಣಿಗೆ ಬಿತ್ತು ಕೂಡ. ಮುಂದಿನ ವರ್ಷಗಳಲ್ಲಿ ಪಶ್ಚಿಮದ ನೆಲೆಗಳಲ್ಲಿ ಕಾಂಕ್ರೀಟ್ ಗೂಡುಗಳು ಎದ್ದವು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಪಠಾಣ್‌ಕೋಟ್, ಅಮೃತಸರ ಮುಂತಾದ ನೆಲೆಗಳ ಮೇಲೆ ಒಮ್ಮೆಲೇ ಎರಗಿದಾಗ ನೆಲದ ಮೇಲೆ ನಾಶವಾದದ್ದು ಬಹಳ ಕಡಿಮೆ.

ಎರಡು, 1.5ಕ್ಕೂ 1.82ಕ್ಕೂ ಇರುವ ಅಂತರ ಅದೃಷ್ಟದ ಏರುಪೇರಿನೊಳಗೇ ಮುಳುಗಿಹೋಗುವಷ್ಟು ಸಣ್ಣದು. ಇಂಥ ಬಿಡಿ ಘಟನೆಗಳನ್ನು ಎಣಿಸುವಾಗ ಸಂಖ್ಯಾಶಾಸ್ತ್ರದವರು ಬಳಸುವ ಒರಟು ಅಂದಾಜೆಂದರೆ, ಎಣಿಕೆಯ ವರ್ಗಮೂಲದಷ್ಟು ಹೆಚ್ಚುಕಡಿಮೆ ಬರೀ ಅದೃಷ್ಟದಿಂದಲೇ ಆಗಬಹುದು ಎಂಬುದು. 59ರ ವರ್ಗಮೂಲ 8ಕ್ಕೆ ಹತ್ತಿರ. ಅಂದರೆ ಅದೇ ಯುದ್ಧ, ಅದೇ ಪೈಲಟ್‌ಗಳು, ಗಾಳಿ ಮೋಡ ಮಾತ್ರ ಬೇರೆ ಎಂದಿದ್ದರೆ ನಷ್ಟ 51 ಆಗಬಹುದಿತ್ತು, 67 ಆಗಬಹುದಿತ್ತು; ಶೇಕಡಾವಾರು 1.3ರಿಂದ 1.7. ಅವರ 43ಕ್ಕೆ ಇದೇ ರೀತಿ ಮಾಡಿದರೆ ಶೇ 1.5ರಿಂದ 2.1. ಎರಡೂ ವ್ಯಾಪ್ತಿಗಳು ಒಂದರ ಮೇಲೊಂದು ಹಾಯುತ್ತವೆ. ನೆಲದ ಮೇಲಿನ ನಷ್ಟವಂತೂ ಒಂದೊಂದಾಗಿ ಬರದೆ ಗುಂಪಾಗಿ ಬರುವುದರಿಂದ ನಿಜವಾದ ಅನಿಶ್ಚಿತತೆ ಇದಕ್ಕೂ ದೊಡ್ಡದು. ಹಾಗಾಗಿ ‘ನಾವು ಹೆಚ್ಚು ದಕ್ಷರು’ ಎಂಬ ವಾಕ್ಯವನ್ನು ಈ ಎರಡು ದಶಮಾಂಶಗಳ ಮೇಲೆ ನಿಲ್ಲಿಸಲಾಗದು. ‘ಅವರು ಹೆಚ್ಚು ದಕ್ಷರು’ ಎಂಬುದನ್ನೂ ನಿಲ್ಲಿಸಲಾಗದು.

ಸರಾಸರಿ ಮುಚ್ಚಿಡುವುದು ಇನ್ನೊಂದಿದೆ. ಸೆಪ್ಟೆಂಬರ್ 1ರ ಸಂಜೆ ಜಮ್ಮುವಿನ ಛಾಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳನ್ನು ತಡೆಯಲು ಸೇನೆ ಕೂಗಿ ಕರೆದಾಗ ನಾವು ಕಳಿಸಿದ ವಿಮಾನಗಳಲ್ಲಿ ಹಳೆಯ ವ್ಯಾಂಪೈರ್‌ಗಳಿದ್ದವು. ನಾಲ್ಕು ವ್ಯಾಂಪೈರ್‌ಗಳು ಹಿಂತಿರುಗಲಿಲ್ಲ. ಆ ಬಗೆಯ ವಿಮಾನವನ್ನು ಮುಂಚೂಣಿಯಿಂದ ಹಿಂದಕ್ಕೆ ತೆಗೆದುಕೊಂಡರು. ಮೂರು ವಾರದ ಸರಾಸರಿಯಲ್ಲಿ ಈ ನಾಲ್ಕು ಕರಗಿಹೋಗುತ್ತವೆ. ಆ ದಿನದ ಮಟ್ಟಿಗೆ ಅದೇ ಇಡೀ ಕಥೆ.

ಶೇಕಡಾ ಒಂದು, ಎರಡು ಎಂದರೆ ಚಿಕ್ಕದೆಂದೂ ಭಾವಿಸಬೇಡಿ. 1943ರಲ್ಲಿ ಜರ್ಮನಿಯ ಮೇಲೆ ಹಗಲು ಹಾರುತ್ತಿದ್ದ ಅಮೆರಿಕದ ಬಾಂಬರ್ ಸಿಬ್ಬಂದಿಗೆ 25 ಹಾರಾಟ ಮುಗಿಸಿದರೆ ಮನೆಗೆ ಹೋಗುವ ಅವಕಾಶವಿತ್ತು. ಪ್ರತಿ ಹಾರಾಟಕ್ಕೆ ಶೇ 4 ನಷ್ಟ ಎಂದಿಟ್ಟುಕೊಳ್ಳಿ. 25 ಹಾರಾಟಗಳ ಕೊನೆಗೆ 100ರಲ್ಲಿ ಉಳಿಯುವವರು 36. ಆ ವರ್ಷ ಅಕ್ಟೋಬರ್ 14ರಂದು ಶ್ವೈನ್‌ಫರ್ಟ್‌ನ ಬೇರಿಂಗ್ ಕಾರ್ಖಾನೆಗಳ ಮೇಲೆ ಹೊರಟ 291 ಬಾಂಬರ್‌ಗಳಲ್ಲಿ 60 ಮರಳಲಿಲ್ಲ. ಬೆಂಗಾವಲಿಲ್ಲದೆ ಒಳನಾಡಿಗೆ ಹೋಗುವುದನ್ನು ಅಮೆರಿಕದವರು ಅಲ್ಲಿಗೆ ನಿಲ್ಲಿಸಬೇಕಾಯಿತು. ನಷ್ಟದ ದರ ದಕ್ಷತೆಯನ್ನು ಅಳೆಯದಿದ್ದರೂ, ಈ ದುಡಿಮೆಯನ್ನು ಇನ್ನೆಷ್ಟು ದಿನ ನಡೆಸಬಹುದು ಎಂಬುದನ್ನು ಚೆನ್ನಾಗಿ ಅಳೆಯುತ್ತದೆ. ನಾನು ಅದನ್ನು ಬಳಸುವುದು ಆ ಕೆಲಸಕ್ಕೆ ಮಾತ್ರ.

ಇಷ್ಟಾದರೂ ಬಾಂಬ್ ಎಲ್ಲಿ ಬಿತ್ತು ಎಂಬ ಪ್ರಶ್ನೆಗೆ ನಾವಿನ್ನೂ ಬಂದೇ ಇಲ್ಲ ನೋಡಿ. 1941ರಲ್ಲಿ ಬ್ರಿಟಿಷ್ ಬಾಂಬರ್‌ಗಳು ರಾತ್ರಿ ದಾಳಿ ಮಾಡಿ ಬಂದು ಗುರಿ ಹೊಡೆದೆವು ಎಂದು ವರದಿ ಕೊಡುತ್ತಿದ್ದವು. ಯುದ್ಧ ಸಂಪುಟದ ಕಚೇರಿಯಲ್ಲಿದ್ದ ಬಟ್ ಎಂಬ ಅಧಿಕಾರಿಯನ್ನು ವಿಮಾನದ ಕ್ಯಾಮೆರಾಗಳು ತೆಗೆದ ಚಿತ್ರಗಳನ್ನು ಪರಿಶೀಲಿಸಲು ಕೂರಿಸಿದರು. ಗುರಿ ಹೊಡೆದೆವು ಎಂದವರಲ್ಲಿ ಮೂರರಲ್ಲೊಬ್ಬ ಮಾತ್ರ ಗುರಿಯ ಐದು ಮೈಲಿ ಸಮೀಪಕ್ಕೆ ಹೋಗಿದ್ದ. ಹೊಗೆ ಮುಸುಕಿದ ರೂರ್ ಕೈಗಾರಿಕಾ ಪ್ರದೇಶದಲ್ಲಿ ಹತ್ತರಲ್ಲೊಬ್ಬ. ಸಾರ್ಟಿಗಳ ಪಟ್ಟಿಯಲ್ಲಿ ಅವರೆಲ್ಲರೂ ಯಶಸ್ವಿಗಳೇ ಆಗಿದ್ದರು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಕೋಸ್ಟಲ್ ಕಮಾಂಡ್‌ನ ವಿಮಾನಗಳು ಜಲಾಂತರ್ಗಾಮಿಗಳ ಮೇಲೆ ಹಾಕುತ್ತಿದ್ದ ಸ್ಫೋಟಕಗಳು 100 ಅಡಿ ಆಳದಲ್ಲಿ ಸಿಡಿಯುವಂತೆ ಹೊಂದಿಸಲ್ಪಟ್ಟಿದ್ದವು. ವಿಮಾನ ಬರುವುದನ್ನು ಕಂಡ ಜಲಾಂತರ್ಗಾಮಿ ಅಷ್ಟು ಹೊತ್ತಿಗೆ ಅಷ್ಟು ಆಳಕ್ಕೆ ಹೋಗಿರುತ್ತದೆ ಎಂಬ ಲೆಕ್ಕ. ಇ. ಜೆ. ವಿಲಿಯಮ್ಸ್ ಎಂಬ ಭೌತವಿಜ್ಞಾನಿ ಹೇಳಿದ್ದು ಇಷ್ಟೇ: ಅಷ್ಟು ಆಳಕ್ಕೆ ಹೋದದ್ದು ಎಲ್ಲಿದೆಯೆಂದು ನಿಮಗೆ ಗೊತ್ತೇ ಇರುವುದಿಲ್ಲ, ಹೇಗೂ ತಪ್ಪುತ್ತದೆ, ಇನ್ನೂ ಮೇಲೆಯೇ ಇರುವುದನ್ನಾದರೂ ಹೊಡೆಯಿರಿ. ಸ್ಫೋಟದ ಆಳವನ್ನು ಹಂತಹಂತವಾಗಿ 25 ಅಡಿಗೆ ಇಳಿಸಿದರು. ಒಂದು ಹೆಚ್ಚುವರಿ ಸಾರ್ಟಿಯಿಲ್ಲ, ಒಂದು ಹೊಸ ವಿಮಾನವಿಲ್ಲ, ಮುಳುಗುವ ಜಲಾಂತರ್ಗಾಮಿಗಳ ಪ್ರಮಾಣ ಹಲವು ಪಟ್ಟು ಏರಿತು. ದುಡಿಮೆ ಬದಲಾಗದೆ ದಕ್ಷತೆ ಬದಲಾಗುವುದು ಎಂದರೆ ಇದು.

ಹಾಗಾದರೆ ಗುರಿಗೆ ಬಿದ್ದದ್ದನ್ನು ಎಣಿಸಿದರೆ ಸಾಕೇ? ಸಾಲದು. ಇಲ್ಲಿ ಅತಿ ಬುದ್ಧಿವಂತರೂ ಎಡವಿದ್ದಾರೆ. ಎರಡನೇ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಮೆಡಿಟರೇನಿಯನ್‌ನಲ್ಲಿ ಸಾಗುವ ಬ್ರಿಟಿಷ್ ಸರಕು ಹಡಗುಗಳಿಗೆ ವಿಮಾನವಿರೋಧಿ ತೋಪುಗಳನ್ನು ಕೂರಿಸಿದ್ದರು. ಅವು ಉರುಳಿಸಿದ್ದು ದಾಳಿಗೆ ಬಂದ ವಿಮಾನಗಳಲ್ಲಿ ಶೇ 4 ಮಾತ್ರ. ದಂಡದ ಖರ್ಚು, ತೋಪುಗಳನ್ನು ಬೇರೆಡೆಗೆ ಕೊಡೋಣ ಎಂಬ ಮಾತು ಬಂತು. ಆಮೇಲೆ ಯಾರೋ ಸರಿಯಾದ ಪ್ರಶ್ನೆ ಕೇಳಿದರು: ತೋಪು ಇಟ್ಟದ್ದು ವಿಮಾನ ಉರುಳಿಸಲೋ, ಹಡಗು ಉಳಿಸಲೋ? ದಾಳಿಗೊಳಗಾದ ಹಡಗುಗಳಲ್ಲಿ ತೋಪಿಲ್ಲದವು ಶೇ 25ರಷ್ಟು ಮುಳುಗಿದ್ದವು, ತೋಪಿದ್ದವು ಶೇ 10ರಷ್ಟು. ಗುಂಡಿನ ಭಯಕ್ಕೆ ಪೈಲಟ್‌ಗಳು ಎತ್ತರದಿಂದ, ಅವಸರದಿಂದ ಬಾಂಬ್ ಹಾಕುತ್ತಿದ್ದರು. ತೋಪುಗಳು ಹಡಗಿನಲ್ಲೇ ಉಳಿದವು.

1944ರಲ್ಲಿ ಜರ್ಮನಿಯ ಕಾರ್ಖಾನೆಗಳ ಮೇಲೆ ಬಾಂಬ್‌ಗಳ ಮಳೆ ಸುರಿಯುತ್ತಿತ್ತು. ಆದರೂ ಆ ವರ್ಷ ಜರ್ಮನಿ ತಯಾರಿಸಿದ ವಿಮಾನಗಳು ಸುಮಾರು 40,000, ಹಿಂದಿನ ವರ್ಷ 25,000ಕ್ಕೆ ಸಮೀಪ. ಇದೊಂದನ್ನೇ ನೋಡಿದವರು ಬಾಂಬ್ ದಾಳಿ ಸೋತಿತು ಎನ್ನುತ್ತಾರೆ. ಪಕ್ಕದ ಪುಟದಲ್ಲಿ ವಿಮಾನ ಇಂಧನದ ಲೆಕ್ಕವಿದೆ. ಏಪ್ರಿಲ್ 1944ರಲ್ಲಿ 1,75,000 ಟನ್ ಇದ್ದ ಉತ್ಪಾದನೆ, ಕೃತಕ ತೈಲದ ಸ್ಥಾವರಗಳ ಮೇಲೆ ದಾಳಿ ಶುರುವಾದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕೆಳಗಿಳಿದಿತ್ತು. ಹೊಸ ವಿಮಾನಗಳು ಸಾಲಾಗಿ ನಿಂತಿದ್ದವು, ತುಂಬಲು ಇಂಧನವಿರಲಿಲ್ಲ, ಹೊಸ ಪೈಲಟ್‌ಗಳಿಗೆ ತರಬೇತಿಯ ಗಂಟೆಗಳೂ ಸಿಗಲಿಲ್ಲ.

ನಮ್ಮ ಹತ್ತಿರದ್ದೇ ಒಂದು ನಿದರ್ಶನ 1971ರ ಢಾಕಾ. ಅಲ್ಲಿನ ತೇಜ್‌ಗಾಂವ್ ನೆಲೆಯಲ್ಲಿ ಪಾಕಿಸ್ತಾನದ ಸೇಬರ್‌ಗಳ ಒಂದು ಸ್ಕ್ವಾಡ್ರನ್ ಇತ್ತು. ಮೊದಲ ದಿನಗಳಲ್ಲಿ ನಮ್ಮ ವಿಮಾನಗಳು ಅವುಗಳನ್ನು ಒಂದೊಂದಾಗಿ ಹುಡುಕಿ ಹೊಡೆಯಲು ಹೋಗಿ ನಷ್ಟ ಅನುಭವಿಸಿದವು. ಬಳಿಕ ಮಿಗ್–21ಗಳು ರನ್‌ವೇಯನ್ನೇ ಗುರಿ ಮಾಡಿಕೊಂಡು ಗುಂಡಿ ಬೀಳಿಸಿದವು, ಮುಚ್ಚಿದ ಹಾಗೆಲ್ಲ ಮತ್ತೆ ಬಂದು ಬೀಳಿಸಿದವು. ಡಿಸೆಂಬರ್ 7ರ ಹೊತ್ತಿಗೆ ಆ ಸ್ಕ್ವಾಡ್ರನ್‌ನ ಹಾರಾಟ ಮುಗಿದಿತ್ತು. ಶರಣಾಗತಿಯ ದಿನ ಅಲ್ಲಿ ಹತ್ತಕ್ಕೂ ಹೆಚ್ಚು ಸೇಬರ್‌ಗಳು ಇದ್ದವು. ಬಿಟ್ಟುಹೋಗುವ ಮುಂಚೆ ಪಾಕಿಸ್ತಾನದವರೇ ಅವನ್ನು ಕೆಡಿಸಿದ್ದರು. ಕೆಲವನ್ನು ಬಾಂಗ್ಲಾದೇಶ ದುರಸ್ತಿ ಮಾಡಿಕೊಂಡು ಹಾರಿಸಿತು ಕೂಡ. ‘ಉರುಳಿಸಿದ ವಿಮಾನಗಳು’ ಎಂಬ ಕಾಲಂನಲ್ಲಿ ಇವು ಸೊನ್ನೆ. ನಮ್ಮ ಸೇನೆ ಮೇಘನಾ ನದಿಯನ್ನು ಹೆಲಿಕಾಪ್ಟರ್‌ಗಳಲ್ಲಿ ದಾಟಿದ್ದು, ಟಾಂಗೈಲ್‌ನಲ್ಲಿ ಪ್ಯಾರಾಚೂಟ್ ಪಡೆ ಇಳಿದದ್ದು, ಎಲ್ಲವೂ ಆ ಸೊನ್ನೆಯ ನೆರಳಿನಲ್ಲಿ ನಡೆದವು.

ಈ ‘ಪರಿಣಾಮ’ದ ಅಳತೆಯೇ ಉತ್ತಮ ಎಂದು ನಾನು ಭಾವಿಸುತ್ತೇನೆ. ಆದರೆ ಇದು ಅತ್ಯಂತ ಜಾರುವ ಅಳತೆಯೂ ಹೌದು. ಡಿಸೆಂಬರ್ 14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ನಮ್ಮ ವಿಮಾನಗಳು ರಾಕೆಟ್ ಹಾರಿಸಿದವು, ಗವರ್ನರ್ ಮಲಿಕ್ ಅಂದೇ ರಾಜೀನಾಮೆ ಬರೆದರು, ಎರಡು ದಿನದಲ್ಲಿ ಶರಣಾಗತಿ. ಬೆರಳೆಣಿಕೆಯ ಸಾರ್ಟಿಗಳಿಂದ ಇಷ್ಟು ದೊಡ್ಡ ಫಲ ಎಂದು ವಾಯುಪಡೆಯವರು ಹೇಳಿಕೊಳ್ಳಬಹುದು. ಸೇನೆಯವರು, ನಾವು ಆಗಲೇ ಢಾಕಾದ ಬಾಗಿಲಲ್ಲಿ ನಿಂತಿದ್ದೆವು ಎನ್ನುತ್ತಾರೆ. ಇಬ್ಬರ ಪಾಲನ್ನು ಶೇಕಡಾದಲ್ಲಿ ಹಂಚಿಕೊಡುತ್ತೇನೆ ಎನ್ನುವವನನ್ನು ನಾನು ನಂಬುವುದಿಲ್ಲ.

ಇನ್ನು ನಿಮ್ಮ ತೀರ್ಪು. ನಿಮ್ಮ ಮುಂದೆ ಕೆಲವು ದಾರಿಗಳಿವೆ, ಯಾವುದೂ ನಿರಪಾಯವಲ್ಲ. ಒಟ್ಟು ನಷ್ಟವನ್ನೇ ಅಳತೆಗೋಲು ಮಾಡಿದರೆ ಮನೆಯಲ್ಲಿ ಕುಳಿತವನು ಗೆಲ್ಲುತ್ತಾನೆ. ಸಾರ್ಟಿಗಳನ್ನು ಹಿಡಿದರೆ ಗದ್ದಲವೇ ಗೆಲುವಾಗುತ್ತದೆ. ನಷ್ಟದ ದರ ಹಿಡಿಯುವುದಾದರೆ ಗಾಳಿಯ ನಷ್ಟ ಮತ್ತು ನೆಲದ ನಷ್ಟ ಬೇರ್ಪಡಿಸಿ, ದಾಳಿ ಮತ್ತು ಕಾವಲಿನ ಹಾರಾಟ ಬೇರ್ಪಡಿಸಿ. ಹಾಗೆ ಬೇರ್ಪಡಿಸಿದಷ್ಟೂ ಸಂಖ್ಯೆಗಳು ಸಣ್ಣವಾಗಿ ಅದೃಷ್ಟದ ಪಾಲು ಹಿಗ್ಗುತ್ತದೆ ಎಂಬುದೂ ನೆನಪಿರಲಿ. ಪರಿಣಾಮವನ್ನು ಹಿಡಿದರೆ ಪ್ರತಿ ನೆಲೆಗೂ ಪ್ರತಿ ದಿನಕ್ಕೂ ಹೋಗಿ ಎದುರಾಳಿ ಏನು ಮಾಡಬಯಸಿದ್ದ, ಯಾವುದನ್ನು ಮಾಡಲಾಗಲಿಲ್ಲ ಎಂದು ಕೇಳಬೇಕು. ಆ ಕೆಲಸಕ್ಕೆ ಎರಡೂ ಕಡೆಯ ದಾಖಲೆ ಬೇಕು, ತಾಳ್ಮೆಯೂ ಬೇಕು.

ನಾನಾಗಿದ್ದರೆ ಹೆಚ್ಚಿನ ಅಂಕ ವಿದ್ಯಾರ್ಥಿನಿಗೆ ಕೊಡುತ್ತಿದ್ದೆ. ಅವಳ ತೀರ್ಮಾನ ನಿಲ್ಲುವುದಿಲ್ಲ, ಆದರೆ ಭಾಗಿಸಬೇಕೆಂದು ತೋಚಿದ್ದು ಅವಳೊಬ್ಬಳಿಗೇ. 59–43 ಹೇಳಿದ ಹುಡುಗನಿಗೆ, ತನ್ನ ದೇಶಕ್ಕೆ ಹಿತವಲ್ಲದ ಅಂಕಿಯನ್ನು ಅಳುಕದೆ ಮುಂದಿಟ್ಟದ್ದಕ್ಕೆ ಒಂದಿಷ್ಟು. ಮೂರನೆಯವನಿಗೆ ಮನೆಪಾಠ ಕೊಡಿ: 104 ಮತ್ತು 19 ಎಂಬ ಹೇಳಿಕೆಗಳ ಪಕ್ಕದಲ್ಲಿ ಪಾಕಿಸ್ತಾನದ ನಷ್ಟ 73 ಎಂದು ಆಗ ಭಾರತ ಹೇಳಿಕೊಂಡದ್ದನ್ನೂ ಬರೆದು, ನಮ್ಮದೇ ಅಧಿಕೃತ ಇತಿಹಾಸ ಆಮೇಲೆ ಅದನ್ನು 43ಕ್ಕೆ ಏಕೆ ಇಳಿಸಿತು ಎಂದು ಹುಡುಕಿ ಬರಲಿ.